ಎಡಗೈ ಕಡೆಯ ಸ್ವರಗಳು

ನವೆಂಬರ್ 11

ಇವತ್ತು ನೋಡಿದ ಪಿಯಾನೊ ಕೂಡ ಬೇಡವಂತೆ. ಎಷ್ಟನೆಯದು ಎಂಬ ಲೆಕ್ಕವನ್ನು ನಾನು ಬಿಟ್ಟಿದ್ದೇನೆ. ನೋಡಲು ಲಕಲಕ ಹೊಳೆಯುತ್ತಿತ್ತು. ಮುಚ್ಚಳ ಎತ್ತಿ ಹಲ್ಲು ನೋಡಿದೆ, ಒಂದೂ ಉದುರಿರಲಿಲ್ಲ. ಕುದುರೆಯಾಗಿದ್ದರೆ ಅಲ್ಲೇ ಕೈಕುಲುಕಿ ಹಗ್ಗ ಹಿಡಿದುಕೊಂಡು ಬಂದುಬಿಡುತ್ತಿದ್ದೆ. ನನ್ನ ಹೆಂಡತಿ ಅಕ್ಮರಾಲ್ ಕೂರಲೂ ಇಲ್ಲ. ನಿಂತುಕೊಂಡೇ ಎಡಗಡೆಯ ಒಂದು ಕೀ ಒತ್ತಿ, ಆ ಸದ್ದು ಪೂರ್ತಿ ಅಡಗುವವರೆಗೆ ತಲೆ ಬಗ್ಗಿಸಿಕೊಂಡಿದ್ದಳು.

“ಬೇಗ ಸಾಯುತ್ತೆ” ಅಂದಳು.

ಮನೆಯೊಡತಿಯ ಮುಖ ಹುಳಿಹುಳಿಯಾಯಿತು. ಕರಗಾಂಡಾದ ಮಗಳ ಮನೆಗೆ ಹೊರಟು ಗಂಟುಮೂಟೆ ಕಟ್ಟಿಕೊಂಡು ಕೂತಿರುವ ಹೆಂಗಸು, ಪಾಪ. ಅವಳಿಗೆ ನಾನೇ ಕ್ಷಮೆ ಕೇಳಿ ಬಂದೆ.

ನನಗೆ ಎಲ್ಲವೂ ಒಂದೇ ಥರ ಕೇಳುತ್ತದೆ. ಎಡಗಡೆ ಒತ್ತಿದರೆ ಗುಡುಗು, ಬಲಗಡೆ ಒತ್ತಿದರೆ ಚಮಚ ಬಿದ್ದ ಸದ್ದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಕೋಣಕ್ಕೆ ಇಂಜೆಕ್ಷನ್ ಕೊಡುವವನು ನಾನು.

ಸೆಪ್ಟೆಂಬರ್‌ನಲ್ಲಿ ಮಗು ಹೋದಮೇಲೆ ಅವಳು ತಾನು ಕಲಿಸುವ ಸಂಗೀತ ಶಾಲೆಗೆ ಕಾಲಿಟ್ಟಿಲ್ಲ. ಅಲ್ಲಿ ಮಕ್ಕಳಿದ್ದಾರೆ, ಆಗಲ್ಲ ಅಂದಳು. ಅಳುವುದೂ ಇಲ್ಲ, ಜಗಳವಾಡುವುದೂ ಇಲ್ಲ. ಹೋದ ತಿಂಗಳು ಒಂದು ದಿನ ಚಹಾ ಬಗ್ಗಿಸುತ್ತಾ ಹೇಳಿದಳು: “ಜೋಮಾರ್ತ್, ಈ ಮನೇಲಿ ಸದ್ದೇ ಇಲ್ಲ. ಒಂದು ಪಿಯಾನೊ ತರೋಣ. ಇಲ್ಲಾಂದ್ರೆ ನಾನು ತಲಾಸ್‌ಗೆ, ಅಕ್ಕನ ಮನೆಗೆ ಹೋಗ್ಬಿಡ್ತೀನಿ. ಸಿಟ್ಟಿಂದ ಹೇಳ್ತಿಲ್ಲ. ಇಲ್ಲಿ ಉಸಿರು ಕಟ್ಟುತ್ತೆ.”

“ಹೋದ್ರೆ ಯಾವಾಗ ಬರ್ತೀಯ?”

“ಗೊತ್ತಿಲ್ಲ” ಅಂದಳು. ಸುಳ್ಳಾದರೂ ಒಂದು ದಿನ ಹೇಳಬಹುದಿತ್ತು.

ಅವತ್ತಿನಿಂದ ಕರಕೋಲ್ ಊರಿಗೆಲ್ಲ ಹೇಳಿಟ್ಟಿದ್ದೇನೆ. ಹಸುವಿನ ಕೆಚ್ಚಲು ತೋರಿಸಲು ಬರುವವರೆಲ್ಲ “ಡಾಕ್ಟ್ರೇ, ಪಿಯಾನೊ ಸಿಕ್ತಾ?” ಎಂದು ಕೇಳುತ್ತಾರೆ. ನನಗೇನೂ ಆಗಿಲ್ಲ. ಕೆಲಸಕ್ಕೆ ಹೋಗುತ್ತೇನೆ, ತಿನ್ನುತ್ತೇನೆ, ಮಲಗುತ್ತೇನೆ. ಅವಳೊಬ್ಬಳು ಸರಿಹೋದರೆ ಸಾಕು.

ನವೆಂಬರ್ 20, ಭಾನುವಾರ

ದನದ ಸಂತೆಯಲ್ಲಿ ಕೈಕಾಲು ಮರಗಟ್ಟಿ ಮನೆಗೆ ಬಂದರೆ ಅಪಾಳ ರಾಗ ಶುರು. ಹೆತ್ತ ತಾಯಿ ನಿಜ, ಆದರೆ ನಾಲಿಗೆ ಕುರಿ ಕತ್ತರಿಸುವ ಕತ್ತರಿ.

“ಸಿಕ್ತೇನಪ್ಪಾ ನಿನ್ನ ಹೆಂಡ್ತಿಗೆ ಪೆಟ್ಟಿಗೆ? ನಮ್ಮ ಕಾಲದಲ್ಲಿ ಸೊಸೆಗೆ ಹಾಲು ಕರೆಯೋಕೆ ಬಕೆಟ್ ಕೊಡಿಸಿದ್ರೆ ಸಾಕಿತ್ತು.”

“ಅಪಾ, ಸುಮ್ನಿರು.”

“ನಾನೇನಂದೆ? ಇನ್ನೊಂದು ಮಗು ಮಾಡ್ಕೊಳ್ಳಿ, ಮನೇಲಿ ಸದ್ದು ತಾನಾಗೇ ಆಗುತ್ತೆ.”

ಅಕ್ಮರಾಲ್ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಅಪಾ ಕೆಟ್ಟವಳಲ್ಲ. ಈ ಬೀದಿಯಲ್ಲಿ ಯಾರು ಸತ್ತರೂ ಮೊದಲು ಅವಳನ್ನೇ ಕರೆಯುತ್ತಾರೆ. ಗೋಡೆಗೆ ಮುಖ ಮಾಡಿ ಕೂತು ಅವಳು ಸತ್ತವರನ್ನು ಹಾಡಿ ಅತ್ತರೆ ಕಲ್ಲೂ ಕರಗುತ್ತದೆ. ಆದರೆ ಹಸುಗೂಸಿಗೆ ಹಾಗೆ ಅಳುವ ಪದ್ಧತಿ ನಮ್ಮಲ್ಲಿಲ್ಲ. ಅದು ಸ್ವರ್ಗದ ಹಕ್ಕಿಯಾಗಿ ಹಾರಿಹೋಗಿರುತ್ತದೆ, ಅತ್ತರೆ ಅದರ ರೆಕ್ಕೆ ಒದ್ದೆಯಾಗುತ್ತದೆ ಎನ್ನುತ್ತಾರೆ. ಸೆಪ್ಟೆಂಬರ್‌ನಲ್ಲಿ ಅಕ್ಮರಾಲ್ ಬಾಯಿ ತೆರೆದಾಗ ಅಪಾ ಅಂಗೈಯಿಂದ ಮುಚ್ಚಿದಳು. ಮಣ್ಣು ಮಾಡಿ ಬಂದೆವು. ನೆರೆಯವರಿಗೆ ಚಹಾ ಕೂಡ ಕೊಡಲಿಲ್ಲ. ಮಾರನೇ ದಿನ ನಾನು ಕೆಲಸಕ್ಕೆ ಹೋದೆ.

ಡಿಸೆಂಬರ್ 4

ಸಿಕ್ಕಿತು.

ಹಳ್ಳಿಯೊಂದರಲ್ಲಿ, ಸೋವಿಯತ್ ಕಾಲದ ಹಳೇ ಕ್ಲಬ್ಬಿನಲ್ಲಿ. ಕಿಟಕಿಗೆ ಗಾಜಿಲ್ಲ, ವೇದಿಕೆಯ ಮೇಲೆ ಆಲೂಗಡ್ಡೆ ಮೂಟೆಗಳು, ಅವುಗಳ ಹಿಂದೆ ಈ ಕರೀ ಪಿಯಾನೊ. ಕಾಯುವ ಮುದುಕಿ ಉಲ್ಕಾನ್ ಅಕ್ಕ ತಲೆವಸ್ತ್ರದ ತುದಿಯಿಂದ ಧೂಳು ಒರೆಸಿದಳು. ಬಲಗಡೆಯ ಕೀಗಳಲ್ಲಿ ಕೆಲವು ಮೂಕ, ಕೆಲವು ಕಟಕಟ ಎನ್ನುತ್ತವೆ. ಒಳಗಿನ ಸುತ್ತಿಗೆಗಳ ಉಣ್ಣೆಯನ್ನು ನುಸಿ ತಿಂದಿದೆ. ನಾನು ಮನಸ್ಸಿನಲ್ಲೇ ಇದು ಕಟುಕನಿಗೆ ಕೊಡುವ ಪ್ರಾಣಿ ಎಂದುಕೊಂಡೆ.

ಅಕ್ಮರಾಲ್ ಎಡಗಡೆಯ ಕೊನೆಯ ಹತ್ತಿರದ ಒಂದು ಕೀ ಒತ್ತಿದಳು. ಸದ್ದು ಹೊರಟಿತು. ಉಲ್ಕಾನ್ ಅಕ್ಕ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಅದು ಹೋಗುತ್ತಲೇ ಇತ್ತು. ಮುಗಿಯಿತು ಎಂದುಕೊಂಡಾಗ ನನ್ನ ಬೂಟಿನ ಕೆಳಗಿನ ಹಲಗೆಯಲ್ಲಿ ಇನ್ನೂ ಇತ್ತು.

“ಇದು” ಅಂದಳು ಅಕ್ಮರಾಲ್.

“ಬಲಗಡೆ ಅರ್ಧ ಸತ್ತಿದೆಯಲ್ಲೇ.”

“ಅದನ್ನ ನಾನು ಸರಿಮಾಡ್ತೀನಿ. ತಗ್ಗಿನ ಸ್ವರ ಹೀಗೆ ಬೇಕು ಅಂದ್ರೆ ಯಾರಿಂದಲೂ ಮಾಡೋಕಾಗಲ್ಲ. ಇದ್ರೆ ಇರುತ್ತೆ, ಇಲ್ದಿದ್ರೆ ಇಲ್ಲ.”

ಒಂದು ಟಗರು ಕೊಟ್ಟು ಮಾತು ಮುಗಿಸಿದೆ. ಪಕ್ಕದ ಮನೆಯ ಹಿರಿಯಣ್ಣ ಕಾಸಿಮ್ ಬೈಕೆ ತಮ್ಮ ಲಾರಿ ತಂದರು. ಎತ್ತುವಾಗ ನಡು ಹಿಡಿದುಕೊಂಡು, “ಲೇ ಜೋಮಾರ್ತ್, ಇದಕ್ಕಿಂತ ಹೆಣ್ಣಾನೆ ಕಟ್ಕೊಂಡಿದ್ರೆ ತಾನೇ ನಡ್ಕೊಂಡು ಬರ್ತಿತ್ತು” ಅಂದರು. ಅಕ್ಮರಾಲ್ ನಕ್ಕಳು. ಸಣ್ಣ ನಗು, ಮೂಗಿನಲ್ಲಿ. ಆದರೂ ನಗುವೇ.

ಡಿಸೆಂಬರ್ 9

ಅಪಾ ಪಿಯಾನೊಗೆ ಅತಿಥಿಗಳ ಕೋಣೆಯಲ್ಲಿ, ಬಾಗಿಲಿಗೆ ಎದುರಿನ ಗೌರವದ ಗೋಡೆಗೆ ಜಾಗ ಮಾಡಿಸಿದಳು. ಇದಕ್ಕಿಂತ ಹೆಚ್ಚಿನ ಮರ್ಯಾದೆ ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಇಲ್ಲ. ಆಮೇಲೆ ಮದುವೆಯ ಕೌದಿಗಳನ್ನೆಲ್ಲ ತಂದು, ಮಡಿಸಿ, ಅದರ ನೆತ್ತಿಯ ಮೇಲೆ ಚಾವಣಿ ಮುಟ್ಟುವ ಹಾಗೆ ಪೇರಿಸಿದಳು. ಕೌದಿಯ ರಾಶಿ ಎತ್ತರವಿದ್ದಷ್ಟೂ ಮನೆಗೆ ಶೋಭೆ.

ಅಕ್ಮರಾಲ್ ಬಾಗಿಲಲ್ಲಿ ನಿಂತು ನೋಡಿದಳು. “ಅಪಾ, ಅದರ ಮೇಲೆ ಭಾರ ಇಟ್ರೆ ಸದ್ದು ಉಸಿರಾಡಲ್ಲ.”

“ಕೌದಿ ಭಾರಾನಾ? ಒಳಗಿರೋದು ಬರೀ ಉಣ್ಣೆ ಕಣೇ. ನುಡಿಸೋವಾಗ ತೆಗ್ದುಬಿಡು, ಯಾರು ಬೇಡ ಅಂದ್ರು.”

ತೆಗೆಯಲಿಲ್ಲ, ನುಡಿಸಲೂ ಇಲ್ಲ. ಆ ಕೋಣೆಗೆ ನಾವು ಚಳಿಗಾಲದಲ್ಲಿ ಒಲೆ ಹಚ್ಚುವುದಿಲ್ಲ. ಯಾರಾದರೂ ಬಂದರೆ ಮಾತ್ರ. ಅವಳು ಕೋಟು ಹಾಕಿಕೊಂಡು ಹೋಗಿ, ತಂತಿ ತಿರುಪುವ ಚಾವಿ ಹಿಡಿದು ಸ್ವಲ್ಪ ಹೊತ್ತು ಕೂತು, ಬಾಯಿಂದ ಹಬೆ ಬಿಡುತ್ತಾ ಹೊರಗೆ ಬರುತ್ತಾಳೆ. ಬೆರಳು ಬಗ್ಗುವುದಿಲ್ಲವಂತೆ. ಪಿಯಾನೊ ತಂದಾಯಿತಲ್ಲ, ಇನ್ನೇನು ಬೇಕು ಎಂದು ಕೇಳಬೇಕೆನಿಸಿತು. 

ಡಿಸೆಂಬರ್ 17

ಕಾಸಿಮ್ ಬೈಕೆ ಒಂದು ಉಪಾಯ ಹೇಳಿಕೊಟ್ಟರು. ಬಿಷ್ಕೆಕ್‌ನಲ್ಲಿ ಅವರ ಮಗಳ ಮನೆಯಲ್ಲೂ ಪಿಯಾನೊ ಇದೆ. ಅದರ ಹೊಟ್ಟೆಯೊಳಗೆ ಸದಾ ಒಂದು ಗಾಜಿನ ಜಾಡಿಯಲ್ಲಿ ನೀರು ಇಟ್ಟಿರುತ್ತಾರಂತೆ. ಮರ ಒಣಗಿ ಬಿರುಕು ಬಿಡಬಾರದೆಂದು. “ಪಟ್ಟಣದೋರೆಲ್ಲ ಹಾಗೇ ಮಾಡೋದು” ಅಂದರು.

ಅವಳು ಅಂಗಡಿಗೆ ಹೋದಾಗ ಕೆಳಗಿನ ಹಲಗೆ ಬಿಚ್ಚಿ, ಉಪ್ಪಿನಕಾಯಿಯ ದೊಡ್ಡ ಜಾಡಿ ತೊಳೆದು, ಕುತ್ತಿಗೆಯವರೆಗೆ ನೀರು ತುಂಬಿಸಿ ಒಳಗಿಟ್ಟೆ. ಅವಳಿಗೆ ಹೇಳಿಲ್ಲ. ವಸಂತದಲ್ಲಿ ಹೇಳಿದರಾಯಿತು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಜನವರಿ 8

ಕೊರೆಯುವ ಚಳಿ. ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳು ತಾಯಿ ನೆಕ್ಕುವ ಮೊದಲೇ ಮಂಜುಗಟ್ಟುತ್ತಿವೆ. ಇವತ್ತು ಎರಡು ಮನೆಗೆ ಹೋಗಿದ್ದೆ. ಎದೆಗೆ ಸ್ಟೆತಾಸ್ಕೋಪ್ ಇಡಲಿಲ್ಲ. ಕಣ್ಣಲ್ಲೇ ಗೊತ್ತಾಗುತ್ತದೆ. ಕಣ್ಣಲ್ಲಿ ಗೊತ್ತಾಗುವುದಕ್ಕೆ ಕಿವಿ ಯಾಕೆ.

ತಲಾಸ್‌ಗೆ ಹೋಗುವ ಘಾಟಿಯಲ್ಲಿ ಹಿಮ ಕುಸಿದು ದಾರಿ ಮುಚ್ಚಿದೆ ಎಂದು ರೇಡಿಯೊದಲ್ಲಿ ಹೇಳಿದರು. ಒಳ್ಳೆಯದೇ ಆಯಿತು.

ಜನವರಿ 15

ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಅಪಾಳ ತವರಿನವರು ಬರುವವರಿದ್ದರು. ಬೆಳಗ್ಗೆಯೇ ಅತಿಥಿಗಳ ಕೋಣೆಯ ಒಲೆಗೆ ಕಲ್ಲಿದ್ದಲು ಸುರಿದು ಕೆಂಪಗೆ ಕಾಯಿಸಿದೆವು. ಮಧ್ಯಾಹ್ನ ಅಕ್ಮರಾಲ್ ಕೌದಿ ಇಳಿಸಿ ನುಡಿಸಲು ಕೂತಳು, ಅವಳಾಗಿಯೇ. ತಾನು ಆರಿಸಿದ ಆ ತಗ್ಗಿನ ಕೀ ಒತ್ತಿದಳು. ತಗಡಿನ ಡಬ್ಬದಲ್ಲಿ ದುಂಬಿ ಸಿಕ್ಕಿಕೊಂಡಂತೆ ಜುಂಯ್ ಎಂದಿತು. ಆಮೇಲೆ ಪಿಯಾನೊದ ಅಡಿಯಿಂದ ನೀರು ಹರಿದು ನೆಲದ ಕಂಬಳಿಗೆ ಬಂತು.

ಜಾಡಿ ಮಂಜುಗಟ್ಟಿ ಯಾವತ್ತೋ ಒಡೆದಿತ್ತು. ಕೋಣೆ ಬೆಚ್ಚಗಾದದ್ದೇ ಒಳಗಿನ ಮಂಜೆಲ್ಲ ಕರಗಿತು. ಬಿಷ್ಕೆಕ್‌ನಲ್ಲಿ ಮನೆಯೆಲ್ಲ ಕೊಳವೆಯಲ್ಲಿ ಬಿಸಿನೀರು ಓಡಾಡುತ್ತದೆ. ಅವರು ನೀರಿಡುತ್ತಾರೆ. ನಾನು ಹಸು ಕೂಡ ಮಲಗದ ತಣ್ಣನೆಯ ಕೋಣೆಯಲ್ಲಿ ಇಟ್ಟೆ.

ಅವಳು ಗಾಜಿನ ಚೂರು ಕೈಯಲ್ಲಿ ಹಿಡಿದು ನಿಂತಳು. “ಇದನ್ನ ಯಾರು ಇಟ್ಟಿದ್ದು?”

“ನಾನು. ಮರ ಒಣಗಬಾರದು ಅಂತ.”

“ಕೇಳಬೇಕು ಅಂತ ಅನ್ನಿಸ್ಲಿಲ್ವಾ? ಎಲ್ಲಾ ನೀವುನೀವೇ ಮಾಡಿ ಮುಗಿಸೋದು. ನನ್ನ ಪಿಯಾನೊ, ಕೇಳಬಾರದು. ನನ್ನ ಮಗು, ಅಳಬಾರದು. ಮಣ್ಣು ಹಾಕಿದೆ, ಕೆಲಸಕ್ಕೆ ಹೋದೆ. ಒಂದು ದಿನ ಅವನ ಹೆಸರು ಹೇಳಿದೀಯಾ ನೀನು?”

ಸೆಪ್ಟೆಂಬರ್‌ನಿಂದ ಅವಳ ದನಿ ಏರಿದ್ದು ಇದೇ ಮೊದಲು. ಅಪಾಳ ತವರಿನವರು ಆಗಲೇ ಅಂಗಳದಲ್ಲಿ ಬೂಟಿನ ಹಿಮ ಕೊಡವುತ್ತಿದ್ದರು. ಅವಳು ಕೈಯ ರಕ್ತ ಒರೆಸಿಕೊಂಡು ಹೋಗಿ ಅವರಿಗೆ ಚಹಾ ಕೊಟ್ಟಳು.

ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದಳು, “ಘಾಟಿ ದಾರಿ ತೆರೆದ ದಿನ ನಾನು ಹೊರಡ್ತೀನಿ.”

ಜನವರಿ 19

ಅವಳು ಈಗ ದಿನಾ ರೇಡಿಯೊದಲ್ಲಿ ಘಾಟಿಯ ಸುದ್ದಿ ಕೇಳುತ್ತಾಳೆ.

ಜನವರಿ 27

ಹೇಳಲು ನನ್ನ ಬಳಿ ಮಾತಿಲ್ಲ, ಕೈಯಾದರೂ ಇದೆ. ಪಿಯಾನೊವನ್ನು ನಾವು ಮಲಗುವ ಒಳಕೋಣೆಗೆ ತರುತ್ತೇನೆ ಎಂದೆ. ಅಲ್ಲಿ ದಿನವೂ ಬೆಚ್ಚಗಿರುತ್ತದೆ, ಮರ ನಿಧಾನವಾಗಿ ಆರಲಿ.

ಅಪಾ ಸೊಂಟಕ್ಕೆ ಕೈಯಿಟ್ಟಳು. “ಮಲಗೋ ಕೋಣೇಲಿ ಅದನ್ನ ಎಲ್ಲಿ ಇಡ್ತೀಯೋ? ನಿನ್ನ ತಲೆ ಮೇಲಾ?”

ಜಾಗ ಇದ್ದದ್ದು ಒಂದೇ ಮೂಲೆ. ಅಲ್ಲಿ ತೊಟ್ಟಿಲಿದೆ. ಬಟ್ಟೆ ಹೊದಿಸಿ ಬಿಟ್ಟಿದ್ದೆವು. ಖಾಲಿ ತೊಟ್ಟಿಲು ಅಲ್ಲಾಡಬಾರದು ಎನ್ನುತ್ತಾರೆ, ಹಾಗಾಗಿ ಯಾರೂ ಮುಟ್ಟಿರಲಿಲ್ಲ. ಗುಡಿಸುವಾಗ ಅಕ್ಮರಾಲ್ ಅದರ ಸುತ್ತ ಗುಡಿಸುತ್ತಿದ್ದಳು. ನಾನು ಆ ಕಡೆ ತಲೆ ಹಾಕಿ ಮಲಗುವುದನ್ನು ಬಿಟ್ಟಿದ್ದೆ.

 ಕಡೆಗೆ ಅಪಾ ತಾನೇ ಹೋಗಿ ತೊಟ್ಟಿಲನ್ನು ಅಲ್ಲಾಡದಂತೆ ಎದೆಗವಚಿ ಎತ್ತಿಕೊಂಡಳು. ಬಾಗಿಲು ದಾಟುವಾಗ ಚೌಕಟ್ಟಿಗೆ ಭುಜ ಆನಿಸಿ ನಿಂತಳು. ಹಿಡಿಯಲು ಹೋದರೆ “ದೂರ ನಿಲ್ಲು” ಅಂದಳು. ಅದನ್ನು ತನ್ನ ಮಂಚದ ಪಕ್ಕ ಇಟ್ಟುಕೊಂಡಿದ್ದಾಳೆ. ನಾನು ನೋಡಿಯೂ ನೋಡದ ಹಾಗೆ ಬಂದೆ.

ಫೆಬ್ರವರಿ 13

ಮರ ಆರಿದೆ. ಅಕ್ಮರಾಲ್ ಸಂಜೆಗಳಲ್ಲಿ ಬಲಗಡೆಯ ಸುತ್ತಿಗೆಗಳಿಗೆ ಹೊಸ ಉಣ್ಣೆ ಅಂಟಿಸುತ್ತಾಳೆ, ಗಡುಸಾದರೆ ಸೂಜಿಯಿಂದ ಚುಚ್ಚಿ ಮೆದು ಮಾಡುತ್ತಾಳೆ. ಹೊರಡುವವಳು ಇದನ್ನೆಲ್ಲ ಯಾಕೆ ಮಾಡುತ್ತಾಳೆ? ಕೇಳಲು ಭಯ. ಕೆಲಸ ಅರ್ಧಕ್ಕೆ ಬಿಡಬಾರದೆಂದು ಇರಬಹುದು.

ಈಗ ಕೋಣೆಯಲ್ಲಿ ಕೂತರೆ ಏನೇನೋ ಕೇಳುತ್ತದೆ. ಅವಳು ಚುಚ್ಚುವ ಮೊದಲಿನ ಸದ್ದಿಗೆ ಅಂಚು ಇರುತ್ತದೆ, ಚುಚ್ಚಿದ ಮೇಲೆ ಅಂಚು ಹೋಗುತ್ತದೆ. ನಿನ್ನೆ ಬಾಯಿ ತಪ್ಪಿ “ಅದು ಈಗ ತೀರಾ ಮೆದುವಾಯ್ತು” ಅಂದುಬಿಟ್ಟೆ. ಅವಳು ಇನ್ನೊಮ್ಮೆ ಒತ್ತಿ ನೋಡಿ, “ಹೌದು” ಅಂದಳು. ಚಾವಣಿಯಿಂದ ಹಿಮ ಜಾರುವ ಮುನ್ನ ಒಂದು ಸಣ್ಣ ಕಿರುಗುಟ್ಟು ಬರುತ್ತದೆ. ಇಷ್ಟು ವರ್ಷ ಎಲ್ಲಿತ್ತೋ.

ತಗ್ಗಿನ ಸ್ವರ ಮಾತ್ರ ಇನ್ನೂ ಜುಂಯ್ ಎನ್ನುತ್ತದೆ. ಹಿಂಬದಿಯ ದೊಡ್ಡ ಹಲಗೆಗೆ ಅಂಟಿಸಿರುವ ಪಟ್ಟಿಗಳಲ್ಲಿ ಯಾವುದೋ ಒಂದು ನೀರಿಗೆ ಬಿಟ್ಟುಕೊಂಡಿದೆಯಂತೆ. ಯಾವುದು ಎಂದು ಕಣ್ಣಿಗೆ ಕಾಣುವುದಿಲ್ಲ.

ಫೆಬ್ರವರಿ 21

ಇವತ್ತು ಕಾಯಿಲೆ ಸಿಕ್ಕಿತು. ಚೀಲದಿಂದ ಸ್ಟೆತಾಸ್ಕೋಪ್ ತೆಗೆದು, ಪಿಯಾನೊ ಮತ್ತು ಗೋಡೆಯ ನಡುವೆ ನುಸುಳಿ ಕೂತೆ. ಅವಳು ಆ ಕಡೆಯಿಂದ ಕೀ ಒತ್ತುತ್ತಿದ್ದಳು, ನಾನು ಒಂದೊಂದೇ ಪಟ್ಟಿಗೆ ಒತ್ತಿ ಕೇಳುತ್ತಿದ್ದೆ. ಎಲ್ಲ ಕಡೆ ತುಂಬು ಸದ್ದು. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಮರಕ್ಕೆ ಮರ ಒರಸುವ ಪಿಸುಪಿಸು.

“ಸಿಕ್ತು. ಇಲ್ಲಿ ಸದ್ದು ನಿಲ್ತಾ ಇಲ್ಲ, ಸೋರ್ತಿದೆ.”

ಆ ಕಡೆ ಕೀ ಒತ್ತುವುದು ನಿಂತಿತು. ಅವಳು ಪಕ್ಕದಿಂದ ಬಗ್ಗಿ ನೋಡಿದಳು. ಕಿವಿಯಲ್ಲಿ ಆ ಕೊಳವೆ, ಕೈ ಹಲಗೆಯ ಮೇಲೆ, ನಾನು ಹಾಗೇ ಕೂತಿದ್ದೆ.

“ಆಸ್ಪತ್ರೇಲಿ ನೀನು ದಿನಾ ಅವನ ಎದೆಗೆ ಇಟ್ಟು ಕೇಳ್ತಿದ್ದೆ” ಅಂದಳು. “ನನಗೂ ಕೊಡೋಕೆ ಬಂದೆ. ನಾನು ಹೆದರಿ ಬೇಡ ಅಂದೆ. ಜೋಮಾರ್ತ್, ಹೇಗಿತ್ತು ಅದು?”

ನಾನು ಎದ್ದು ಕೊಟ್ಟಿಗೆಗೆ ಹೋದೆ. ಹಸುವಿಗೆ ಆಗಲೇ ಹಾಕಿದ್ದ ಹುಲ್ಲನ್ನು ಮತ್ತೆ ಹಾಕಿದೆ. ಅದು ತಿನ್ನಲಿಲ್ಲ, ನನ್ನನ್ನೇ ನೋಡುತ್ತಿತ್ತು.

ಫೆಬ್ರವರಿ 24

ಪಟ್ಟಿಗೆ ಗೋಂದು ತುಂಬಿ, ಕರುವಿನ ಮುರಿದ ಕಾಲಿಗೆ ಕಟ್ಟುವ ಹಾಗೆ ದಬ್ಬೆ ಕೊಟ್ಟು ಬಿಗಿದಿದ್ದೇನೆ. ಅವಳು ಮತ್ತೆ ಕೇಳಿಲ್ಲ.

ಮಾರ್ಚ್ 2

ಘಾಟಿ ದಾರಿ ತೆರೆದಿದೆ. ಅವಳ ಚೀಲ ಬಾಗಿಲ ಪಕ್ಕದಲ್ಲಿದೆ. ನಾಳೆ ಬೆಳಗಿನ ಬಸ್ಸು.

ಮಾರ್ಚ್ 3

ಎಲ್ಲವನ್ನೂ ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಅವಳು ಕೋಟು ಹಾಕಿಕೊಂಡಳು. ನಾನು ದಬ್ಬೆ ಬಿಚ್ಚಿ, “ಹೋಗೋ ಮುಂಚೆ ಒಂದ್ಸಲ ಒತ್ತಿ ನೋಡು” ಅಂದೆ. ಒತ್ತಿದಳು. ಜುಂಯ್ ಇರಲಿಲ್ಲ. ಕ್ಲಬ್ಬಿನಲ್ಲಿ ಕೇಳಿದ ಅದೇ ಸದ್ದು ಹೊರಟು, ನೆಲಕ್ಕಿಳಿದು, ನನ್ನ ಕಾಲಿಗೆ ಬಂತು. ಅದು ಮುಗಿಯುವುದರೊಳಗೆ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನಿಸಿತು.

“ಹೀಗಲ್ಲ” ಅಂದೆ. “ಇಷ್ಟು ದೊಡ್ಡದಾಗಿ ಅಲ್ಲ. ಮೆತ್ತಗೆ. ತುಂಬಾ ಬೇಗ.”

ಅವಳಿಗೆ ಅರ್ಥವಾಯಿತು. ಕೋಟಿನಲ್ಲೇ ಕೂತಳು. ಎರಡು ಬೆರಳಿನಿಂದ ಬಡಿದಳು.

“ಇನ್ನೂ ಬೇಗ. ಅದಲ್ಲ, ಪಕ್ಕದ್ದು. ಹಾಂ. ಎಲ್ಲರ ಎದೆ ಎರಡು ಸಲ ಬಡಿದು ಸುಮ್ನಾಗುತ್ತೆ. ಅವನದು ಸುಮ್ನಾಗ್ತಿರ್ಲಿಲ್ಲ. ನಡುವೆ ಒಂದು ಸದ್ದು ಎಳೀತಿತ್ತು, ಬಾಗಿಲ ಸಂದೀಲಿ ಗಾಳಿ ಬಂದ ಹಾಗೆ.”

ಅವಳು ಎರಡು ಬಡಿತಗಳ ನಡುವೆ ಇನ್ನೊಂದು ಕೀಯನ್ನು ಸದ್ದಾಗಿಯೂ ಆಗದ ಹಾಗೆ ತಡವಿದಳು.

“ಅಲ್ಲ. ಅಷ್ಟು ಅಳುಮುಂಜಿ ಅಲ್ಲ ಅದು. ಗಟ್ಟಿಗ ಅವನು. ಸೋರ್ತಿದ್ರೂ ಓಡ್ತಾನೇ ಇತ್ತು ಕಣೇ, ಕುದುರೆಮರಿ ಥರ. ಕೊನೇ ದಿನ ಕೂಡ.”

ಆಗ ಬಂತು. ಅದೇ ಸದ್ದು. ಅವಳ ಕೈಯಲ್ಲಿ ನನ್ನ ಮಗನ ಎದೆ ಓಡುತ್ತಿತ್ತು, ನಿಲ್ಲಿಸು ಎನ್ನಲೂ ಆಗಲಿಲ್ಲ, ನಿಲ್ಲಿಸಬೇಡ ಎನ್ನಲೂ ಆಗಲಿಲ್ಲ. ಬಲಗೈ ಎಲ್ಲಿಂದಲೋ ಏನನ್ನೋ ಹಿಡಿದು ತಂದು ಅದರ ಜೊತೆ ಸೇರಿಸಿತು. ಅವಳು ಬಾಯಿ ತೆರೆದಳು.

ಅಪಾ ಅಡುಗೆಮನೆಯಿಂದ ಬಂದು ನಿಂತಿದ್ದಳು. ಅವಳು ಅಂಗೈ ಎತ್ತಿದ್ದನ್ನು ನೋಡಿ ಮತ್ತೆ ಬಾಯಿ ಮುಚ್ಚಲು ಬರುತ್ತಾಳೆಂದುಕೊಂಡೆ. ಅವಳು ಆ ಕೈಯನ್ನು ಗೋಡೆಗೆ ಆನಿಸಿ ಕೆಳಗೆ ಕೂತಳು, ಗೋಡೆಗೆ ಮುಖ ಮಾಡಿ. ಆಮೇಲೆ ಹಾಡಿ ಅಳಲು ಶುರುಮಾಡಿದಳು:

“ಹೆಸರಿಟ್ಟ ಬಾಯಿ ಆರುವ ಮುನ್ನ ಎದ್ದು ಹೋದೆಯಾ ಎಲ್ದಿಯಾರ್,
ತಾಯಿ ಎದೆಯ ಹಾಲನ್ನು ಯಾರಿಗೆಂದು ಬಿಟ್ಟೆ ನನ್ನ ಮರಿಯೇ...”

ಅಕ್ಮರಾಲ್ ಅತ್ತಳು. ಅಷ್ಟು ದೊಡ್ಡ ಸದ್ದು ಅವಳೊಳಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಗಂಡಸು ಒಳಗಿರಬಾರದು, ಬಾಗಿಲ ಹೊರಗೆ ಕೋಲೂರಿ ನಿಂತು ಅಳಬೇಕು. ನಾನು ಹೊರಗೆ ಬಂದೆ. ಕೋಲಿರಲಿಲ್ಲ, ಹಿಮ ಎತ್ತುವ ಸಲಿಕೆ ಸಿಕ್ಕಿತು. ಅದನ್ನೂರಿ ಬಗ್ಗಿ ನಿಂತೆ. ನನ್ನ ಗಂಟಲಿನಿಂದ ಬಂದದ್ದು ನನಗೇ ಗುರುತು ಸಿಗಲಿಲ್ಲ. ಮೊದಲು ಯಾವುದೋ ಪ್ರಾಣಿ ಎಂದುಕೊಂಡೆ.

ಕಾಸಿಮ್ ಬೈಕೆ ಟೋಪಿಯಿಲ್ಲದೆ ಓಡಿ ಬಂದರು. ಹಿಂದೆ ಬೀದಿಯ ನಾಲ್ಕಾರು ಮಂದಿ.

“ಏನಾಯ್ತೋ? ಅಪಾ ಹೋದ್ರಾ?”

“ಇಲ್ಲ ಬೈಕೆ. ನನ್ನ ಮಗ. ನನ್ನ ಮಗ ಎಲ್ದಿಯಾರ್ ಹೋಗ್ಬಿಟ್ಟ.”

ಅವನು ಹೋಗಿ ಅರ್ಧ ವರ್ಷವಾಯಿತಲ್ಲೋ ಎಂದು ಅವರು ಕೇಳಬಹುದಿತ್ತು. ಮಣ್ಣು ಕೊಡಲು ಅವರೂ ಬಂದಿದ್ದರು. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು, ಸಲಿಕೆಯ ಮೇಲೆ ನನ್ನ ಕೈಯ ಮೇಲೆಯೇ ತಮ್ಮ ಕೈಯಿಟ್ಟು, “ಅಯ್ಯೋ ನನ್ನ ಕಂದಾ” ಎಂದು ಗಟ್ಟಿಯಾಗಿ ಅಳತೊಡಗಿದರು. ಉಳಿದ ಗಂಡಸರೂ ಸಾಲಾಗಿ ನಿಂತರು. ಹೆಂಗಸರು ಒಳಗೆ ಹೋದರು.

ಮಧ್ಯಾಹ್ನ ಅಪಾ ಬಾಣಲೆ ತುಂಬ ಎಣ್ಣೆ ಇಟ್ಟು, ಸತ್ತವರ ಪಾಲಿನ ರೊಟ್ಟಿ ಕರಿದು, ಬೀದಿಗೆಲ್ಲ ಹಂಚಿದಳು. ಬಂದವರು ಹೊರಟ ಮೇಲೆ ಅಕ್ಮರಾಲ್ ಕೆಂಪು ಕಣ್ಣಲ್ಲಿ ಕೇಳಿದಳು: “ಅಪಾ, ಸೂತಕದಲ್ಲಿ ನುಡಿಸಬಾರದಲ್ವಾ? ಪಿಯಾನೊ ಮುಚ್ಚಿಡಲಾ?”

“ಹಾಡು ಕೂಡದು. ಅಳು ಯಾವಾಗ ಬೇಡ ಅಂದ್ರು?” ಅಪಾ ಮೂಗು ಒರೆಸಿಕೊಂಡಳು. “ನುಡಿಸು. ಆದ್ರೆ ನಲವತ್ತು ದಿನ ಕಳೆಯೋವರೆಗೆ ತಾಯಿಯಾದವಳು ಈ ಹೊಸಿಲು ದಾಟೋ ಹಾಗಿಲ್ಲ. ಬರೋರಿಗೆ ಎದುರು ಯಾರು ಕೂರ್ತಾರೆ? ತಲಾಸ್ ಎಲ್ಲಿಗೂ ಓಡಿಹೋಗಲ್ಲ.”

ಅಕ್ಮರಾಲ್ ನನ್ನ ಕಡೆ ನೋಡಿದಳು.  ಅವಳು ಕೋಟು ಬಿಚ್ಚಿ ಮೊಳೆಗೆ ಹಾಕಿದಳು.

ಇವತ್ತು ಮೊದಲನೇ ದಿನ.